ಬ್ರೇಕಿಗೆ ಬೇಕಾದ ಕಾಲು

ಹೊಂಗೆಮರದ ನೆರಳು ಅಂಗಳದ ನಟ್ಟನಡುವೆ ಬಿದ್ದಿತ್ತು. ನೆರಳಿನ ಪಡುವಣ ಅಂಚಿನಲ್ಲಿ ಬಿಳಿಯ ಪಿಕಪ್ ಗಾಡಿ ಬೆನ್ನು ತಿರುಗಿಸಿ ನಿಂತಿತ್ತು. ಮೂಡಣ ಅಂಚಿನಲ್ಲಿ, ಎರಡು ಗಾಲಿಗಳ ಮೇಲೆ ಕೂತ ಹಸಿರು ಬಣ್ಣದ ಜನರೇಟರ್, ತನ್ನ ಕಬ್ಬಿಣದ ಮೂಕಿಯನ್ನು ಮುಂದಕ್ಕೆ ಚಾಚಿ, ಮೂಕಿಯ ತುದಿಯ ಬಳೆಯನ್ನು ಒಂದು ದಿಂಡುಗಲ್ಲಿನ ಮೇಲೆ ಇಟ್ಟುಕೊಂಡಿತ್ತು. ಗಾಡಿಯ ಹಿಂಬದಿಯ ಕೊಂಡಿಗೂ ಆ ಬಳೆಗೂ ನಡುವೆ ಒಂದೂವರೆ ಮೊಳ ಬಯಲು. ಆ ಬಯಲಿನ ಅಡಿಯಲ್ಲೇ, ಮೊಣಕಾಲೆತ್ತರದ ಚಪ್ಪಡಿಕಲ್ಲುಗಳ ಸಾಲೊಂದು ಅಂಗಳವನ್ನು ಸೀಳಿಕೊಂಡು ಮನೆಯ ಗೋಡೆಯವರೆಗೆ ಹೋಗಿತ್ತು. ಜನರೇಟರ್ ಹಾಯುವಷ್ಟು ಅಗಲದಲ್ಲಿ ಮಾತ್ರ ಕಲ್ಲು ನೆಟ್ಟಿರಲಿಲ್ಲ. ಬಾಯಲ್ಲಿ ಮುಂದಿನ ಹಲ್ಲುಗಳು ಬಿದ್ದ ಹಾಗಿತ್ತು ಅದು. ಹೊಂಗೆಯ ಎಲೆಯೊಂದು ಉದುರಿ ಸರಿಯಾಗಿ ಆ ಕಬ್ಬಿಣದ ಬಳೆಯೊಳಗೆ ಬಿದ್ದಿತ್ತು. ಅದನ್ನು ತೆಗೆಯುವವರಿರಲಿಲ್ಲ. ಅಲುಗಿಸಲು ಗಾಳಿಯೂ ಇರಲಿಲ್ಲ.

ಜಗಲಿಯ ಮೇಲೆ ಕೂತ ಹನುಮಂತರಾಯಪ್ಪ ಇದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದ. ಅರವತ್ತನಾಲ್ಕು ವರ್ಷದ ಆತನಿಗೆ ಆ ಹೊತ್ತು ಬೇರೇನೂ ನೋಡುವುದಕ್ಕಿರಲಿಲ್ಲ. ಹೆಂಡತಿ ವರಲಕ್ಷ್ಮಮ್ಮ ಮಗಳು ಸಿಂಚನಳ ಬಾಣಂತನಕ್ಕೆಂದು ದೊಡ್ಡಬಳ್ಳಾಪುರಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಒಂದು ಲೋಟ ಇಟ್ಟರೆ ಆ ಲೋಟದ ಸದ್ದೇ ಕೊನೆಯ ಸದ್ದು. ಆಮೇಲೆ ಗೋಡೆಯ ಆಚೆಯಿಂದ ತಮ್ಮ ದೇವೇಂದ್ರ ಕೆಮ್ಮುವುದು ಕೇಳಿಸುತ್ತಿತ್ತು. ಆ ಕೆಮ್ಮನ್ನು ಹನುಮಂತರಾಯಪ್ಪ ಅವನ ಐದನೆಯ ವಯಸ್ಸಿನಿಂದ ಬಲ್ಲ. ಬೆಳಗಿನ ಕೆಮ್ಮು ಯಾವುದು, ಬೀಡಿಯ ಕೆಮ್ಮು ಯಾವುದು, ಸಿಟ್ಟಿನ ಕೆಮ್ಮು ಯಾವುದು ಎಂದು ಬಿಡಿಸಿ ಹೇಳಬಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಕುಂದಾಣದ ಸುತ್ತಿನ ಹತ್ತಾರು ಊರುಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಯಾವುದಾದರೂ ಸರಿ, ದೀಪಕ್ಕೆ ಈ ಇಬ್ಬರ ಜನರೇಟರೇ ಬೇಕಾಗುತ್ತಿತ್ತು. ಪಿಕಪ್‌ಗೆ ಅದನ್ನು ಕಟ್ಟಿ ಎಳೆದುಕೊಂಡು ಹೋಗಿ, ಛತ್ರದ ಹಿಂದೆ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಮತ್ತೆ ಎಳೆದುಕೊಂಡು ಬರುವುದು ಅವರ ಇಪ್ಪತ್ತು ವರ್ಷದ ಬದುಕು. ಮನೆ ಪಾಲಾದಾಗ ಪಂಚಾಯ್ತಿಗೆ ಕೂತವನು ಚಿಕ್ಕಪ್ಪ ಅಪ್ಪಯ್ಯಣ್ಣ. ಅವನು ಬಹಳ ಯೋಚನೆ ಮಾಡಿ ಒಂದು ತೀರ್ಪು ಕೊಟ್ಟ: "ಗಾಡಿ ದೊಡ್ಡೋನಿಗೆ, ಜನರೇಟ್ರು ಚಿಕ್ಕೋನಿಗೆ. ಒಂದಿಲ್ದೆ ಒಂದು ನಡೆಯಕ್ಕಿಲ್ಲ. ಹೊಟ್ಟೆಪಾಡಿಗಾದ್ರೂ ಮಾತಾಡ್ಕೊಳ್ಳಿ." ತನ್ನ ಜಾಣತನಕ್ಕೆ ತಾನೇ ತಲೆದೂಗಿ ಎಲೆಯಡಿಕೆ ಹಾಕಿಕೊಂಡ.

ಅಣ್ಣತಮ್ಮಂದಿರು ಅವನಿಗಿಂತ ಜಾಣರು. ಮಾತಿಲ್ಲದೆ ಕೆಲಸ ನಡೆಸುವುದನ್ನು ಅವರು ಒಂದೇ ವಾರದಲ್ಲಿ ಕಲಿತರು. ಒಂದು ಹಾರನ್ ಎಂದರೆ ಹೊರಟಿದ್ದೇನೆ ಎಂದರ್ಥ. ಗಾಡಿಯ ಹಿಂಬಾಗಿಲಿಗೆ ಎರಡು ತಟ್ಟು ಬಿದ್ದರೆ ಕಟ್ಟಿದ್ದಾಯಿತು, ನಡಿ. ಒಂದು ತಟ್ಟು ಬಿದ್ದರೆ ನಿಲ್ಲು. ಯಾವ ದಿನ ಯಾವ ಊರು ಎಂಬುದನ್ನು ಅಪ್ಪಯ್ಯಣ್ಣನೇ ಬಂದು ಹೇಳುತ್ತಿದ್ದ. ದಾರಿಯುದ್ದಕ್ಕೂ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತು ಒಬ್ಬನು ಬಲಗಡೆಯ ಹೊಲಗಳನ್ನು, ಇನ್ನೊಬ್ಬನು ಎಡಗಡೆಯ ಹೊಲಗಳನ್ನು ನೋಡುತ್ತಿದ್ದರು. ಇಳಿಯುವಾಗ ದೇವೇಂದ್ರ ಬಾಗಿಲನ್ನು ದಢಾರನೆ ಬಡಿಯುತ್ತಿದ್ದ. ಕೀಲು ಸಡಿಲಾಗಿದ್ದ ಆ ಎಡಬಾಗಿಲು ಬಡಿದರೆ ಮುಚ್ಚುವಂಥದ್ದಲ್ಲ. ಸ್ವಲ್ಪ ಮೇಲಕ್ಕೆತ್ತಿ ಒತ್ತಬೇಕು. ದೇವೇಂದ್ರನಿಗೆ ಅದು ಗೊತ್ತಿತ್ತು. ಆದರೂ ಬಡಿಯುತ್ತಿದ್ದ. ಬಡಿದ ಬಾಗಿಲು ಹಿಂದಕ್ಕೆ ಜಿಗಿದು ತೆರೆದುಕೊಂಡಾಗ ಹನುಮಂತರಾಯಪ್ಪ ತನ್ನ ಸೀಟಿನಿಂದಲೇ ಬಾಗಿ, ಕೈ ಚಾಚಿ, ಎತ್ತಿ ಮುಚ್ಚಿಕೊಳ್ಳುತ್ತಿದ್ದ.

ಮೊದಲು ಹೀಗಿರಲಿಲ್ಲ. ಎಳೆಯುವ ಕೆಲಸಕ್ಕೆ ಅಪ್ಪನ ಕಾಲದಿಂದ ಬಂದ ಒಂದು ಕ್ರಮವಿತ್ತು. ಕೊಂಡಿಗೆ ಬಳೆ ಕೂರಿಸಿ, ಮೇಲಿಂದ ಪಿನ್ನು ಇಳಿಸುವವನು ಒಬ್ಬ; ಆ ಪಿನ್ನು ಕುಪ್ಪಳಿಸಿ ಮೇಲೇಳದಂತೆ ಅದರ ಬುಡದ ತೂತಿಗೆ ತಂತಿಯ ಕ್ಲಿಪ್ಪು ಸಿಕ್ಕಿಸುವವನು ಇನ್ನೊಬ್ಬ. ಒಬ್ಬನೇ ಎರಡನ್ನೂ ಮಾಡುವಂತಿರಲಿಲ್ಲ. ಪಿನ್ನು ಹಾಕಿದವನು ಕ್ಲಿಪ್ಪನ್ನು ಇನ್ನೊಬ್ಬನ ಅಂಗೈ ಮೇಲೆ ಇಡಬೇಕು. ತನ್ನ ಕೈಕೆಲಸವನ್ನು ತಾನೇ ನೋಡುವ ಕಣ್ಣಿಗೆ ತಪ್ಪು ಕಾಣುವುದಿಲ್ಲ ಎಂದು ಎತ್ತಿನ ಗಾಡಿ ಹೊಡೆದ ಅಪ್ಪ ನಂಬಿದ್ದ. ದೇವೇಂದ್ರ ಪಿನ್ನು ಹಾಕುತ್ತಿದ್ದ, ಹನುಮಂತರಾಯಪ್ಪ ಕ್ಲಿಪ್ಪು.

ಮೂರು ವರ್ಷದ ಹಿಂದೆ ಸೂಲಿಬೆಲೆಯಲ್ಲಿ ಒಂದು ಆರತಕ್ಷತೆ. ಹೊರಡುವುದೇ ತಡವಾಗಿತ್ತು. ದೇವೇಂದ್ರ ಪಿನ್ನು ಇಳಿಸಿ ಕ್ಲಿಪ್ಪನ್ನು ಅಣ್ಣನ ಅಂಗೈ ಮೇಲಿಟ್ಟ. ಅದೇ ಗಳಿಗೆಗೆ ಹನುಮಂತರಾಯಪ್ಪನ ಫೋನು ಹೊಡೆದುಕೊಂಡಿತು; ಛತ್ರದವರ ಮೂರನೆಯ ಕರೆ. ಜೇಬಿನಿಂದ ಫೋನು ತೆಗೆದ ಕೈ, ಕ್ಲಿಪ್ಪನ್ನು ಅದೇ ಜೇಬಿಗೆ ಇಳಿಬಿಟ್ಟಿತು. "ಬಂದ್ವಿ ಸ್ವಾಮಿ, ಬಂದೇ ಬಿಟ್ವಿ" ಎನ್ನುತ್ತಲೇ ಅವನು ಗಾಡಿ ಹತ್ತಿದ. ದೇವನಹಳ್ಳಿ ದಾಟಿ, ನಲ್ಲೂರಿನ ಹುಣಸೆತೋಪಿನ ಹತ್ತಿರ ರಸ್ತೆಯ ಉಬ್ಬಿನ ಮೇಲೆ ಪಿನ್ನು ಎಗರಿತು. ಗಾಡಿ ಹಗುರಾಯಿತು. ಕನ್ನಡಿಯಲ್ಲಿ ನೋಡಿದರೆ, ಜನರೇಟರ್ ತನ್ನಷ್ಟಕ್ಕೆ ತಾನು ರಸ್ತೆ ಬಿಟ್ಟಿಳಿದು, ಯಾರನ್ನೋ ಕಾಣಹೊರಟ ಮುದುಕನಂತೆ ತೊಯ್ದಾಡುತ್ತ ಹೋಗಿ ಒಂದು ಹಳೆಯ ಹುಣಸೆಮರಕ್ಕೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಸಂಜೆ ಸೂಲಿಬೆಲೆಯಲ್ಲಿ ಕರೆಂಟೂ ಇರಲಿಲ್ಲ. ಹೆಣ್ಣುಗಂಡು ಮೊಬೈಲಿನ ಬೆಳಕಿನಲ್ಲಿ ಅಕ್ಷತೆ ಹಾಕಿಸಿಕೊಂಡರು. ಬರಿಗೈಯಲ್ಲಿ ಬಂದ ಇಬ್ಬರನ್ನು ಛತ್ರದ ಬಾಗಿಲಲ್ಲಿ ಜನ ಮುತ್ತಿ, ಯಾರ ತಪ್ಪು, ಯಾರ ತಪ್ಪು ಎಂದರು.

"ಪಿನ್ನು ಇವನ ಉಸ್ತುವಾರಿ" ಎಂದ ಹನುಮಂತರಾಯಪ್ಪ, ತಮ್ಮನ ಕಡೆ ಕೈ ಮಾಡಿ.

"ಕ್ಲಿಪ್ಪು ನಿನ್ ಕೈಲಿ ಕೊಟ್ನಲ್ಲಣ್ಣ."

"ನನ್ ಕೈಗೆ ಯಾವ ಕ್ಲಿಪ್ಪೂ ಬರ್ಲಿಲ್ಲ."

ಆ ಹೊತ್ತಿಗೆ ಅವನು ಹೇಳಿದ್ದು ಸುಳ್ಳಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಗಂಡಿನ ಕಡೆಯವನೊಬ್ಬ ದೇವೇಂದ್ರನ ಕುತ್ತಿಗೆಪಟ್ಟಿ ಹಿಡಿದು ನೂಕಿದ. ಮಾರನೆಯ ದಿನ ಅಂಗಿ ನೆನೆಹಾಕುವಾಗ ವರಲಕ್ಷ್ಮಮ್ಮನಿಗೆ ಜೇಬಿನಲ್ಲಿ ಕ್ಲಿಪ್ಪು ಸಿಕ್ಕಿತು. ಅದನ್ನು ಒರೆಸಿ, ಅವನು ದಿನವೂ ಮುಖ ನೋಡಿಕೊಳ್ಳುವ ಕನ್ನಡಿಯ ಪಕ್ಕದ ಕಿಟಕಿಯ ಮೇಲಿಟ್ಟಳು. ಮೊದಲ ದಿನವೇ ಹನುಮಂತರಾಯಪ್ಪ ತಮ್ಮನಿಗೆ ಹೇಳಬಹುದಾಗಿತ್ತು. ಎರಡನೆಯ ದಿನವೂ ಹೇಳಬಹುದಾಗಿತ್ತು. ಒಂದು ತಿಂಗಳಾದ ಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ಮೂರು ವರ್ಷ ಹೀಗೆ ಹೋದವು. ದೇವೇಂದ್ರ ಪಿನ್ನು ಬಿಟ್ಟು ದೊಡ್ಡದೊಂದು ಬೋಲ್ಟು ತಂದು, ತಾನೇ ಹಾಕಿ, ತಾನೇ ನಟ್ಟು ಬಿಗಿದುಕೊಳ್ಳತೊಡಗಿದ. ಇನ್ನೊಬ್ಬರ ಅಂಗೈಯ ಅಗತ್ಯ ತಪ್ಪಿತು.

ಆಷಾಢದಲ್ಲಿ ಮದುವೆಗಳಿಲ್ಲ, ಗಾಡಿಯ ಆರೈಕೆಗೆ ಅದೇ ತಿಂಗಳು. ಈ ಮೂರು ಆಷಾಢಗಳಲ್ಲೂ ಹನುಮಂತರಾಯಪ್ಪ ಎಲ್ಲವನ್ನೂ ಒಬ್ಬನೇ ಮಾಡಿದ್ದ. ಇಂಜಿನ್ ಬೆಚ್ಚಗಿರುವಾಗಲೇ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದನ್ನು ಅಳತೆಯ ಕಡ್ಡಿಯ ಎರಡು ಗೆರೆಗಳ ನಡುವೆ ನಿಲ್ಲಿಸುವುದು. ರೇಡಿಯೇಟರ್ ಪೂರ್ತಿ ತಣಿದ ಮೇಲೆ ಮಾತ್ರ ಮುಚ್ಚಳ ತೆಗೆದು ಹಸಿರು ಕೂಲೆಂಟು ತುಂಬುವುದು. ಭಾರ ಎಳೆಯುವ ಗಾಡಿಯ ಬಿಸಿಯೆಲ್ಲ ಬಂದು ಕೂರುವುದು ಗೇರ್‌ಬಾಕ್ಸಿನಲ್ಲಿ, ಹಿಂದಿನ ಗಾಲಿಗಳ ನಡುವಿನ ಕ್ರೌನಿನಲ್ಲಿ. ಅವುಗಳ ಎಣ್ಣೆಯನ್ನು ಬೆರಳ ನಡುವೆ ಉಜ್ಜಿ, ಲೋಹದ ಪುಡಿ ತಗುಲುತ್ತದೆಯೇ ಎಂದು ನೋಡುವುದು. ಇದಕ್ಕೆಲ್ಲ ಎರಡು ಕೈ ಸಾಕು. ಬ್ರೇಕಿನ ಎಣ್ಣೆಗೆ ಮಾತ್ರ ಸಾಲದು. ಅದನ್ನು ಬದಲಿಸಲು ಒಬ್ಬನು ಗಾಲಿಯ ಪಕ್ಕ ಮಲಗಿ, ಎಣ್ಣೆ ಹೊರಬಿಡುವ ನಿಪ್ಪಲ್ಲು ತೆಗೆದು ಮುಚ್ಚಬೇಕು; ಇನ್ನೊಬ್ಬನು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಒತ್ತು ಎಂದಾಗ ಒತ್ತಬೇಕು, ಬಿಡು ಎನ್ನುವ ತನಕ ಬಿಡಬಾರದು. ಕೆಳಗಿನವನು ಮುಚ್ಚುವ ಮೊದಲೇ ಮೇಲಿನವನು ಕಾಲೆತ್ತಿದರೆ ಅದೇ ಕ್ಷಣ ಗಾಳಿ ಒಳಗೆ ಸೇರಿ ಮಾಡಿದ್ದೆಲ್ಲ ವ್ಯರ್ಥ. ಮಾತಿಲ್ಲದೆ ಆಗುವ ಕೆಲಸವಲ್ಲ ಅದು. ಹೊರಗಿನವರ ಕಾಲಿಗೆ ತನ್ನ ಗಾಡಿಯ ಬ್ರೇಕು ಒಪ್ಪಿಸಲು ಅವನ ಬಿಗುಮಾನ ಬಿಡಲಿಲ್ಲ. ಹಾಗಾಗಿ ಅದೊಂದು ಹಾಗೇ ಉಳಿಯಿತು. ಬ್ರೇಕಿನ ಎಣ್ಣೆಯ ಗುಣವೆಂದರೆ ಸುಮ್ಮನೆ ಇಟ್ಟರೂ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಬಿಸಿಯೇರಿದಾಗ ಆ ನೀರು ಒಳಗೇ ಕುದಿದು ಗುಳ್ಳೆಯಾಗುತ್ತದೆ, ಕಾಲ ಕೆಳಗಿನ ಪೆಡಲ್ ಹಸಿ ಹಿಟ್ಟಿನಂತೆ ಕುಸಿಯುತ್ತದೆ.

ಆ ದಿನ ನಿನ್ನೆ ಬಂದಿತ್ತು. ಶ್ರಾವಣದ ಮೊದಲ ಮದುವೆ ಮುಗಿಸಿ ವಿಶ್ವನಾಥಪುರದ ಇಳಿಜಾರಿನಲ್ಲಿ ಬರುತ್ತಿದ್ದಾಗ ಕುರಿಮಂದೆಯೊಂದು ಅಡ್ಡ ಬಂತು. ಹನುಮಂತರಾಯಪ್ಪ ಬ್ರೇಕ್ ಒತ್ತಿದ. ಕಾಲು ನೆಲ ಮುಟ್ಟಿತು. ಗೇರ್ ಇಳಿಸಿ, ಪೆಡಲನ್ನು ಮೂರು ನಾಲ್ಕು ಸಲ ತುಳಿದು, ಹಿಂದಿನ ಭಾರ ಬೆನ್ನಿಗೆ ಗುಮ್ಮುತ್ತಿದ್ದಂತೆ, ಕೊನೆಯ ಕುರಿಯ ಉಣ್ಣೆ ಬಂಪರಿಗೆ ಸವರುವಷ್ಟರಲ್ಲಿ ಗಾಡಿ ನಿಂತಿತು.

"ಏನ್ ಯಜಮಾನ್ರೇ, ಕಣ್ಣ ಜೇಬಲ್ಲಿಟ್ಕೊಂಡು ಓಡಿಸ್ತೀರಾ?" ಎಂದು ಕುರಿಯವನು ಕೂಗಿದ.

ಹನುಮಂತರಾಯಪ್ಪನ ಕೈ ತಾನಾಗಿಯೇ ಅಂಗಿಯ ಜೇಬಿನ ಮೇಲೆ ಹೋಯಿತು. ದೇವೇಂದ್ರ ತನ್ನ ಕಿಟಕಿಯಿಂದ ಈಚೆಗೆ ತಿರುಗಿ ಮೊದಲು ಪೆಡಲನ್ನು, ಆಮೇಲೆ ಅಣ್ಣನ ಜೇಬನ್ನು ನೋಡಿದ. ಇಳಿದು ಹೋಗಿ ಜನರೇಟರಿನ ಗಾಲಿಗೆ ಕಲ್ಲು ಕೊಟ್ಟು ಬಂದ. ಅಲ್ಲಿಂದ ಮನೆಯವರೆಗೆ ನಡಿಗೆಯ ವೇಗದಲ್ಲಿ ಬಂದರು.

ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಬ್ರೇಕಿನ ಎಣ್ಣೆ ಡಿಕಾಕ್ಷನ್ನಿನಷ್ಟು ಕಪ್ಪಗಿತ್ತು. ಬಿಗುಮಾನ ಬದಿಗಿಟ್ಟು ದೇವನಹಳ್ಳಿಯ ಮೆಕ್ಯಾನಿಕ್ ಮಂಜೇಶನಿಗೆ ಫೋನು ಮಾಡಿದ.

"ಅಣ್ಣಾ, ನಾನು ತಿರುಪತಿ ಕ್ಯೂನಲ್ಲವ್ನಿ, ನಾಡಿದ್ದು ಬರ್ತೀನಿ. ಅಲ್ಲಿಗಂಟ ಗಾಡಿ ಎತ್ಬೇಡಿ. ಭಾರ ಕಟ್ಕೊಂಡು ಹೋದ್ರೆ ಗೋವಿಂದಾನೇ! ಇಲ್ಲಾಂದ್ರೆ ನೀವೇ ಮಾಡ್ಕೊಳ್ಳಿ, ನಿಮಗೇನ್ ನಾನು ಹೇಳ್ಕೊಡ್ಬೇಕಾ? ಕಾಲು ಕೊಡೋಕೆ ಒಬ್ರನ್ನ ಕೂರಿಸ್ಕೊಳ್ಳಿ, ಅಷ್ಟೇ."

ಮಧ್ಯಾಹ್ನ ಹೆಂಡತಿಯ ಫೋನು ಬಂತು. ಮಗು ಕಣ್ಣು ಬಿಟ್ಟು ನಕ್ಕಿತಂತೆ. ಹನುಮಂತರಾಯಪ್ಪ ಬ್ರೇಕಿನ ಸಂಗತಿ ಹೇಳಿದ.

"ಕಿಟಕಿ ಮ್ಯಾಲೆ ಧೂಳು ಕೂತಿರ್ತದೆ" ಎಂದಳು ವರಲಕ್ಷ್ಮಮ್ಮ. "ಅಲ್ಲಿರೋದನ್ನ ಒಸಿ ಒರೆಸಿ."

ಮೂರು ವರ್ಷದಲ್ಲಿ ಅವಳು ಆ ವಿಷಯದ ಹತ್ತಿರ ಬಂದದ್ದು ಅದೊಂದೇ ಸಲ.

ಆಮೇಲೆ ಅವನು ಜಗಲಿಗೆ ಬಂದು ಕೂತದ್ದು. ಬಳೆಯೊಳಗಿನ ಎಲೆಯನ್ನು ನೋಡುತ್ತ ಉಳಿದದ್ದು. ಕೋಲೂರಿಕೊಂಡು ಅಪ್ಪಯ್ಯಣ್ಣ ಬಂದು ಪಕ್ಕದಲ್ಲಿ ಕುಸಿದು ಕೂತಾಗ ನೆರಳು ಮೂಡಣಕ್ಕೆ ವಾಲತೊಡಗಿತ್ತು.

"ನಾಳೆ ಬೆಳಿಗ್ಗೆ ಸೂಲಿಬೆಲೆ. ಗೊತ್ತಲ್ಲ? ಅದೇ ಛತ್ರ" ಎಂದ ಮುದುಕ. ಸುಧಾರಿಸಿಕೊಂಡು ಮುಂದುವರಿಸಿದ. "ಅದೇ ಕೊನೇದು ಕಣಪ್ಪ. ದೇವೇಂದ್ರ ಜನರೇಟ್ರು ಸೂಲಿಬೆಲೆ ಶಾಮಿಯಾನದೋರಿಗೆ ಕೊಟ್ಬಿಟ್ಟ. ಮದ್ವೆ ಮುಗುದ್ಮೇಲೆ ಅಲ್ಲೇ ಬಿಟ್ಟು ಬರೋದಂತೆ. ಹೊಸಕೋಟೆ ಹತ್ರ ಯಾವ್ದೋ ಗೋಡೌನಲ್ಲಿ ಜನರೇಟ್ರು ನೋಡ್ಕೊಳ್ಳೋ ಕೆಲಸ ಸಿಕ್ಕದೆ. ಅಲ್ಲೇ ಮನೆನೂ ಕೊಡ್ತಾರಂತೆ. ಹೆಂಡ್ರು ಆಗ್ಲೇ ಸಾಮಾನು ತಗೊಂಡು ಹೋಗವ್ಳೆ."

ಗೋಡೆಯ ಆಚೆ ಎರಡು ದಿನದಿಂದ ಪಾತ್ರೆಯ ಸದ್ದು ಕೇಳಿಸದೇ ಇದ್ದುದು ಈಗ ಹನುಮಂತರಾಯಪ್ಪನಿಗೆ ಹೊಳೆಯಿತು.

"ಗಾಡಿ ಎಳೆಯೋ ಸ್ಥಿತಿಲಿಲ್ಲ ಚಿಕ್ಕಪ್ಪ" ಎಂದ ಕಡೆಗೆ. "ಬ್ರೇಕ್ ಆಯಿಲ್ ಬದಲಾಯಿಸ್ಬೇಕು. ಕಾಲು ಕೊಡೋಕೆ ಒಬ್ರು ಬೇಕು."

"ನನ್ ಕಾಲು ಆಯ್ತದೇನಪ್ಪ? ಇದು ನನ್ನೇ ಹೊರಾಕಿಲ್ಲ." ಮುದುಕ ತನ್ನ ಜೋಕಿಗೆ ತಾನೇ ನಕ್ಕು, ಕಲ್ಲಿನ ಸಾಲಿನ ಆಚೆ ನೋಡಿದ. ಇಪ್ಪತ್ತು ಹೆಜ್ಜೆ ದೂರದಲ್ಲಿ ದೇವೇಂದ್ರ ಜನರೇಟರಿನ ಬಾಗಿಲು ತೆಗೆದು ಬ್ಯಾಟರಿ ಒರೆಸುತ್ತಿದ್ದ. "ಲೇ ದೇವೇಂದ್ರ! ನಿಮ್ಮಣ್ಣನ ಗಾಡಿಗೆ ಬ್ರೇಕ್ ಆಯಿಲ್ ಹಾಕ್ಬೇಕಂತೆ ಕಣ್ಲಾ! ಕಾಲು ಬೇಕಂತೆ!"

"ನಂಗೂ ಕಿವಿ ಅವೆ" ಎಂದ ದೇವೇಂದ್ರ, ಬ್ಯಾಟರಿಯನ್ನೇ ನೋಡುತ್ತ.

"ಕಿವಿ ಬ್ಯಾಡಂತೆ. ಕಾಲಂತೆ."

ದೇವೇಂದ್ರ ಬಟ್ಟೆಯನ್ನು ಹಿಂಡಿ ಜನರೇಟರಿನ ಮೇಲೆ ಹರವಿದ. ಕೈ ತೊಳೆದ. ಕಲ್ಲು ನೆಡದ ಆ ಒಂದು ಜಾಗದಿಂದ ಈಚೆ ಬಂದು, ಪಿಕಪ್‌ನ ಬಲಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತ. ಅಪ್ಪಯ್ಯಣ್ಣ ಕೋಲು ತೆಗೆದುಕೊಂಡು, ಇನ್ನು ತಾನಿದ್ದರೆ ಕೆಲಸ ಕೆಡುತ್ತದೆ ಎಂಬಂತೆ, ಬಂದದ್ದಕ್ಕಿಂತ ಬೇಗನೆ ಹೋದ.

ಎಣ್ಣೆಯ ಡಬ್ಬಿ ಕೂತ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಶುರು ಮಾಡಿ ಹತ್ತಿರದ ಗಾಲಿಗೆ ಬರಬೇಕು, ಅದು ಕ್ರಮ. ಹನುಮಂತರಾಯಪ್ಪ ಗಾಲಿಗಳಿಗೆ ಕಲ್ಲು ಕೊಟ್ಟು, ಹಳೆಯ ಎಣ್ಣೆಯನ್ನು ಹೀರಿ ತೆಗೆದು, ಹೊಸ ಡಬ್ಬಿಯ ಸೀಲು ಒಡೆದು ತುಂಬಿದ. ಹಿಂದಿನ ಎಡಗಾಲಿಯ ಪಕ್ಕ ಗೋಣಿಚೀಲ ಹಾಸಿ ಮಲಗಿದ. ನಿಪ್ಪಲ್ಲಿಗೆ ಸಣ್ಣ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಮುಳುಗಿಸಿ, ಸ್ಪ್ಯಾನರ್ ಹಿಡಿದು ಬಾಯಿ ತೆರೆದ. ಮೂರು ವರ್ಷದ ಮೇಲೆ ತಮ್ಮನಿಗೆ ಹೇಳಬೇಕಾದ ಮೊದಲ ಮಾತು.

"ಒತ್ತು" ಎಂದ.

ಮೇಲೆ ಪೆಡಲ್ ಮೂರು ಸಲ ಉಸಿರೆಳೆಯಿತು.

"ಹಿಡಿ."

ಸ್ಪ್ಯಾನರನ್ನು ನಿಪ್ಪಲ್ಲಿಗೆ ಕೂರಿಸಿ ಕಿವಿಗೊಟ್ಟ.

"ಹಿಡ್ದಿದೀಯಾ? ಹೇಳ್ಬೇಕು ಕಣೋ. ನಂಗೆ ಕಾಣಲ್ಲ ಇಲ್ಲಿಂದ."

ಬಹಳ ದೂರದಿಂದ ಎಂಬಂತೆ, "ಹಿಡ್ದೆ" ಎಂದು ಕೇಳಿಸಿತು.

ನಿಪ್ಪಲ್ಲು ಕಾಲು ಸುತ್ತು ತಿರುಗಿತು. ಕೊಳವೆಯಲ್ಲಿ ಕಪ್ಪು ಹರಿಯಿತು, ಜೊತೆಗೆ ಗುಳ್ಳೆಗಳು. ಮುಚ್ಚಿದ. "ಬಿಡು." "ಬಿಟ್ಟೆ." ಒತ್ತು, ಹಿಡಿ, ಹಿಡ್ದೆ, ಬಿಡು, ಬಿಟ್ಟೆ. ಹತ್ತು ಸಲ, ಹದಿನೈದು ಸಲ. ನಡುನಡುವೆ ಎದ್ದು ಮೇಲಿನ ಡಬ್ಬಿ ಬರಿದಾಗದಂತೆ ತುಂಬುವುದು. ಕೊಳವೆಯೊಳಗಿನ ಕಪ್ಪು ಕಂದಾಯಿತು, ಕಂದು ತಿಳಿಯಾಯಿತು, ಕಡೆಗೆ ಜೇನಿನ ಬಣ್ಣಕ್ಕೆ ಬಂತು. ಇಬ್ಬರ ನಡುವೆ ಐದೇ ಮಾತು. ಆದರೂ ಅವು ಒಂದರ ಹಿಂದೊಂದು ಬರುತ್ತಿದ್ದ ಲಯದಲ್ಲಿ ಹನುಮಂತರಾಯಪ್ಪನಿಗೆ ಅವರು ಇಡೀ ಮಧ್ಯಾಹ್ನ ಹರಟೆ ಹೊಡೆಯುತ್ತಿದ್ದಾರೆ ಅನ್ನಿಸಿತು. ಗಾಲಿಯಿಂದ ಗಾಲಿಗೆ ಸರಿದಂತೆ ತಮ್ಮನ ದನಿ ಹತ್ತಿರವಾಗುತ್ತ ಬಂತು. ಮುಂದಿನ ಬಲಗಾಲಿಗೆ ಬಂದಾಗ ಅದು ತಲೆಯ ಮೇಲೇ ಇತ್ತು. ತೆರೆದ ಬಾಗಿಲಿನಿಂದ ಅವನ ಉಸಿರೂ ಕೇಳಿಸುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು.

"ಒತ್ತು. ಹಿಡಿ."

"ಹಿಡ್ದೆ."

ಕೊಳವೆಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ನಿಪ್ಪಲ್ಲು ಮುಚ್ಚಿ ಬಿಗಿದ. ಇನ್ನು ಬಿಡು ಎಂದರೆ ಕೆಲಸ ಮುಗಿಯಿತು. ಅವನು ಬಿಡು ಎನ್ನಲಿಲ್ಲ.

"ಕ್ಲಿಪ್ಪು ನನ್ ಜೇಬಲ್ಲಿತ್ತು ಕಣೋ" ಎಂದ.

ಹೊಂಗೆಯಲ್ಲಿ ಎಲ್ಲೋ ಒಂದು ಕಾಗೆ ರೆಕ್ಕೆ ಬಡಿದು ಕೂತಿತು.

"ಮಾರನೇ ದಿನ ಸಿಕ್ತು. ನಿಮ್ಮತ್ತಿಗೆ ತೆಗೆದಿಟ್ಟಳು. ಕಿಟಕಿ ಮೇಲದೆ."

"ನಂಗೊತ್ತಿರೋದನ್ನೇ ನಂಗೆ ಹೇಳ್ತಿದೀಯಲ್ಲಣ್ಣ" ಎಂದ ದೇವೇಂದ್ರ. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನ ಹೊತ್ತು ಹೊತ್ತು ಸವೆದ ಏನೋ ಇತ್ತು. "ನಿನ್ ಕೈಗೆ ಕೊಟ್ಟೋನು ನಾನು. ಎಲ್ಲಿತ್ತು ಅಂತ ನಂಗೊತ್ತಿಲ್ವಾ? ನೀನವತ್ತು ಹೇಳಿದ್ದು ನನ್ ಹತ್ರ ಅಲ್ಲ. ಸೂಲಿಬೆಲೇಲಿ, ಅಷ್ಟು ಜನದ ಮುಂದೆ."

ಹನುಮಂತರಾಯಪ್ಪ ಗೋಣಿಚೀಲದ ಮೇಲೆ ಅಲುಗಾಡದೆ ಮಲಗಿದ್ದ. ಸ್ಪ್ಯಾನರ್ ಎದೆಯ ಮೇಲಿತ್ತು.

"ಬಿಡ್ಲಾ?" ಎಂದಿತು ಮೇಲಿನ ದನಿ. "ಕಾಲು ಜೋಮು ಹಿಡೀತು."

"ಬಿಡು."

ಆ ಸಂಜೆ ಅವನು ಗಾಡಿಯನ್ನು ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ನೋಡಿದ. ಪೆಡಲ್ ಕಲ್ಲಿನಂತೆ ನಿಲ್ಲುತ್ತಿತ್ತು. ತಮ್ಮನ ಕಾಲ ಗುರುತು, ಒದ್ದೆ ಮಣ್ಣಿನ ಒಂದು ಅಚ್ಚು, ಅದರ ರಬ್ಬರಿನ ಮೇಲಿತ್ತು. ಅದನ್ನು ಒರೆಸಲಿಲ್ಲ.

ಬೆಳಿಗ್ಗೆ ಆರಕ್ಕೆ ದೇವೇಂದ್ರ ಬಂದಾಗ ಅವನ ಹೆಗಲಿಗೆ ಬಟ್ಟೆಯ ಚೀಲವಿತ್ತು. ಕೈಯಲ್ಲಿ ಬೋಲ್ಟು ಇರಲಿಲ್ಲ. ತುಕ್ಕು ಉಜ್ಜಿ ಗ್ರೀಸು ಸವರಿದ ಹಳೆಯ ಪಿನ್ನಿತ್ತು. ಕೊಂಡಿಗೆ ಬಳೆ ಕೂರಿಸಿ, ಪಿನ್ನು ಇಳಿಸಿ, ಎದ್ದು ನಿಂತು ಬೇರೆ ಕಡೆ ನೋಡಿದ. ಹನುಮಂತರಾಯಪ್ಪ ಜೇಬಿನಿಂದ ಕ್ಲಿಪ್ಪು ತೆಗೆದು, ಬಾಗಿ, ತೂತಿಗೆ ಸಿಕ್ಕಿಸಿ, ಎರಡು ಸಲ ಜಗ್ಗಿದ.

"ಹಾಕ್ದೆ."

ದೇವೇಂದ್ರ ಬಾಗಿ ನೋಡಿದ. "ನೋಡ್ದೆ."

ಆ ಅಪಘಾತವಾದ ಮೇಲೆ ಹಾಕಿಸಿದ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡ ಬಿಗಿದರು. ಮೂಕಿ ಕಳಚಿ ಬಿದ್ದರೂ ನೆಲ ಮುಟ್ಟದೆ ಆ ತೊಟ್ಟಿಲಲ್ಲಿ ಕೂರಬೇಕು. ಗಾಲಿಗಳ ಗಾಳಿ ನೋಡಿದರು. ದೇವೇಂದ್ರ ಹಿಂದೆ ನಿಂತು ದೀಪಗಳನ್ನು ಕೂಗಿದ: "ಎಡ. ಬಲ. ಬ್ರೇಕು… ಹಾಂ, ಬ್ರೇಕು." ಎರಡು ತಟ್ಟು ಬಿದ್ದವು.

ಲಾರಿಗಳ ಹಿಂದೆ ಎರಡು ಗಾಡಿಯಷ್ಟು ದೂರ ಬಿಟ್ಟು, ಉಬ್ಬು ಕಾಣುವ ಮೊದಲೇ ಗೇರ್ ಇಳಿಸಿ, ಹನುಮಂತರಾಯಪ್ಪ ತುಂಬಿದ ಕೊಡ ಹೊತ್ತವರಂತೆ ಗಾಡಿ ನಡೆಸಿದ. ನಲ್ಲೂರಿನ ತೋಪು ಬಂದಾಗ ಹುಣಸೆಮರಗಳು ಒಂದರೊಳಗೊಂದು ಕತ್ತಲೆ ಹಿಡಿದುಕೊಂಡು ನಿಂತಿದ್ದವು. ರಸ್ತೆಯಂಚಿನ ಒಂದರ ಬೊಡ್ಡೆಯಲ್ಲಿ ತೊಗಟೆ ಕಿತ್ತ ಗಾಯ; ಸುತ್ತಲೂ ಹೊಸ ತೊಗಟೆ ತುಟಿಯಂತೆ ಕೂಡಿಕೊಳ್ಳುತ್ತ ಬಂದಿತ್ತು. ಇಬ್ಬರೂ ನೋಡಿದರು. ಎಡಗಡೆಯವನ ಹೊಲ, ಬಲಗಡೆಯವನ ಹೊಲ ಎಂಬ ಲೆಕ್ಕ ಅಲ್ಲೊಂದು ಕ್ಷಣ ತಪ್ಪಿತು.

ಛತ್ರದಲ್ಲಿ ಮುಹೂರ್ತ ನಡೆಯಿತು, ಕರೆಂಟು ಒಂದು ಸಲ ಹೋಯಿತು, ಜನರೇಟರ್ ಕೀಲಿ ತಿರುವಿದೊಡನೆ ಎದ್ದಿತು. ಊಟದ ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಹನುಮಂತರಾಯಪ್ಪ ಹಿತ್ತಲಿಗೆ ಹೋದ. ಅಲ್ಲಿ ಪಾತ್ರೆ ತೊಳೆಯುವವರು, ಅಡಿಗೆಯವರು, ಎಲೆ ಎತ್ತುವವರು ಎಲ್ಲ ಸೇರಿದ್ದರ ನಡುವೆ ಮಾರಕ್ಕ ಕೂತಿದ್ದಳು. ಇಪ್ಪತ್ತು ವರ್ಷದಿಂದ ಆ ಛತ್ರದ ಪಾತ್ರೆ ತೊಳೆಯುವವಳು ಅವಳು; ಮೂರು ವರ್ಷದ ಹಿಂದಿನ ಆ ಸಂಜೆ ಬಾಗಿಲಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದವಳೂ ಅವಳೇ. ದೇವೇಂದ್ರ ಹತ್ತು ಹೆಜ್ಜೆ ಆಚೆ ಜನರೇಟರಿನ ಕೇಬಲ್ ಸುತ್ತುತ್ತಿದ್ದ. ಹನುಮಂತರಾಯಪ್ಪ ಎಲ್ಲರಿಗೂ ಕೇಳಿಸಲೆಂದು ದನಿ ಎತ್ತಿದ. ಅದು ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು.

"ಮಾರಕ್ಕ, ಅವತ್ತು ಆರತಕ್ಷತೇಲಿ ದೀಪ ಇಲ್ದಂಗಾಯ್ತಲ್ಲ, ಅದು ನನ್ ತಪ್ಪು. ಇವನದಲ್ಲ. ಕ್ಲಿಪ್ಪು ನನ್ ಜೇಬಲ್ಲೇ ಇತ್ತು."

ಮಾರಕ್ಕ ಹಂಡೆಯೊಳಗಿನಿಂದ ತಲೆ ಎತ್ತಿದಳು. "ಯಾವತ್ತು?"

"ಮೂರು ವರ್ಷದ ಹಿಂದೆ. ಮೊಬೈಲ್ ಬೆಳಕಲ್ಲಿ ಅಕ್ಷತೆ ಹಾಕಿದ್ರಲ್ಲ."

"ಯಾವ ಮದ್ವೆ ಯಜಮಾನ್ರೇ? ಇಲ್ಲಿ ವಾರಕ್ಕೊಂದು ಕಿತ ಕರೆಂಟ್ ಓಯ್ತದೆ. ಮೊಬೈಲಲ್ಲೇ ತಾಳಿನೂ ಕಟ್ಟವ್ರೆ." ಅಡಿಗೆಯವರು ನಕ್ಕರು. "ಅದ್ಯಾಕೆ ಈಗ? ಯಾರಾನ ಕೇಳಿದ್ರಾ?"

"ಯಾರೂ ಕೇಳ್ಲಿಲ್ಲ."

"ಮತ್ತಿನ್ನೇನು? ಪಾಯಸ ಕುಡ್ಕೊಂಡು ಹೋಗಿ, ತಣ್ಣಗಾಯ್ತದೆ" ಎಂದು ಅವಳು ಮತ್ತೆ ಹಂಡೆಗೆ ಬಗ್ಗಿದಳು.

ಹನುಮಂತರಾಯಪ್ಪ ನಿಂತೇ ಇದ್ದ. ಮೂರು ವರ್ಷ ಅವನು ಹೊತ್ತು ತಿರುಗಿದ್ದನ್ನು ಇಳಿಸಲು ಬಂದರೆ, ಇಳಿಸಿಕೊಳ್ಳುವವರು ಒಬ್ಬರೂ ಅಲ್ಲಿರಲಿಲ್ಲ. ಆ ಸಂಜೆಯನ್ನು ಈ ಲೋಕದಲ್ಲಿ ಇನ್ನೂ ಇಟ್ಟುಕೊಂಡಿದ್ದವರು ಇಬ್ಬರೇ. ಅವರಲ್ಲೊಬ್ಬ ಕೇಬಲ್ ಸುತ್ತುವುದನ್ನು ನಿಲ್ಲಿಸಿ ಈ ಕಡೆ ನೋಡುತ್ತಿದ್ದ. ಆಮೇಲೆ ಮತ್ತೆ ಸುತ್ತತೊಡಗಿದ.

ಶಾಮಿಯಾನದವರು ಬಂದು ದಾರಿ ತೋರಿಸಿ, ಜನರೇಟರನ್ನು ತಮ್ಮ ಕೊಟ್ಟಿಗೆಯಲ್ಲಿ ಬಿಡಿಸಿಕೊಂಡರು. ಅವರಿಗೆ ಅವರದೇ ಪಿನ್ನಿತ್ತು. ದೇವೇಂದ್ರ ಸರಪಳಿ ಕಳಚಿ, ಕ್ಲಿಪ್ಪು ಎಳೆದು, ಪಿನ್ನು ತೆಗೆದು ಚೀಲಕ್ಕೆ ಹಾಕಿದ. ಕ್ಲಿಪ್ಪನ್ನು ಅಂಗೈ ಮೇಲಿಟ್ಟುಕೊಂಡು ಒಂದು ಗಳಿಗೆ ನಿಂತು, ಅಣ್ಣನ ಕಡೆ ನೋಡಿ, ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ಹಿಂದೆ ಭಾರವಿಲ್ಲದ ಗಾಡಿ ಪುಟಿಯುತ್ತ ಬಸ್‌ಸ್ಟ್ಯಾಂಡಿಗೆ ಬಂತು. ಹೊಸಕೋಟೆಯ ಬಸ್ಸು ಹೊರಡಲು ಗುರುಗುಡುತ್ತಿತ್ತು.

"ಎರಡು ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು ಅದನ್ನ" ಎಂದ ದೇವೇಂದ್ರ, ಚೀಲ ಹೆಗಲಿಗೇರಿಸುತ್ತ. "ಬಿಟ್ಬಿಡ್ಬೇಡ."

"ಒಬ್ನೇ ಹೆಂಗೋ?"

ದೇವೇಂದ್ರ ಪೆಡಲನ್ನು ನೋಡಿದ. ಅವನ ಕಾಲಿನ ಅಚ್ಚು ಅರ್ಧ ಅಳಿಸಿ ಅರ್ಧ ಉಳಿದಿತ್ತು.

"ಬರ್ತೀನಣ್ಣ" ಎಂದ. ಎರಡು ವರ್ಷಕ್ಕೆ ಬರುತ್ತೇನೆ ಎಂದನೋ, ಹೊರಡುವವರೆಲ್ಲ ಹೇಳುವ ಬರ್ತೀನಿಯೋ, ಹನುಮಂತರಾಯಪ್ಪನಿಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ.

ದೇವೇಂದ್ರ ಇಳಿದ. ಮೂರು ವರ್ಷದ ರೂಢಿಯಂತೆ ಹನುಮಂತರಾಯಪ್ಪ ಖಾಲಿ ಸೀಟಿನ ಮೇಲೆ ಬಾಗಿ, ಬಡಿದು ತೆರೆದುಕೊಳ್ಳಲಿರುವ ಬಾಗಿಲಿಗೆ ಕೈ ಚಾಚಿದ. ಹೊರಗಿನಿಂದ ಯಾರೋ ಅದನ್ನು ಸ್ವಲ್ಪವೇ ಮೇಲಕ್ಕೆತ್ತಿ, ಮೆಲ್ಲಗೆ ಒತ್ತಿದರು. ಕೈ ತಲುಪುವ ಮೊದಲೇ ಬಾಗಿಲು ಮುಚ್ಚಿಕೊಂಡಿತು.